ಖಾಲಿ ರಸ್ತೆ: ಗೋಥೆನ್‌ಬರ್ಗಿನಲ್ಲಿರುವ ಮಗಳಿಗೆ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಾಸನದ ಸುದ್ದಿಯೆಲ್ಲ ನಿನಗೆ ಫೋನಿನಲ್ಲೇ ಮುಟ್ಟುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಒಂದು ಸಾಲಿಗೆ ಮಾತ್ರ ಉತ್ತರ ಕೊಡಬೇಕಾಗಿದೆ. ರಾತ್ರಿ ಪಾಳಿ ಮುಗಿಸಿ, ಪೆಟ್ರೋಲ್ ತುಂಬಿಸಿಕೊಂಡು, ಬೆಳಗಿನ ಜಾವದ ರಸ್ತೆಗೆ ಬಂದವಳು, ಬಲಗಡೆ ಓಡಿಸಬೇಕಾದ ಸ್ವೀಡನ್ನಿನಲ್ಲಿ, ಇಲ್ಲಿಯ ಹಾಗೆ ಎಡಗಡೆಯಲ್ಲೇ ಕಾರು ಓಡಿಸಿದೆ ಎಂದು ಬರೆದಿದ್ದೀಯೆ. ರಜೆ ಮುಗಿಸಿ ಹೋದ ವಾರದಲ್ಲಿ ಹಾಗಾಗುವುದು ನನಗೆ ಅರ್ಥವಾಗುತ್ತದೆ. ಅದರ ಮುಂದೆ ಬರೆದದ್ದು ನನ್ನ ನಿದ್ದೆ ಕೆಡಿಸಿದೆ: "ಎದುರಿನ ದೀಪ ಕಂಡ ಮೇಲೆ ಗೊತ್ತಾಯಿತು, ಎಷ್ಟು ದೂರ ಹಾಗೇ ಬಂದಿದ್ದೆನೋ ತಿಳಿಯದು."

ಎಷ್ಟು ದೂರವೋ ತಿಳಿಯದು ಎನ್ನುವುದು ಚಾಲಕನ ಬಾಯಲ್ಲಿ ಬರಬಾರದ ಮಾತು. ಗದರಿಸುತ್ತಿಲ್ಲ. ನಿನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನಿಗೆ ಅಷ್ಟು ಹೇಳುವ ಸಲುಗೆ ಇದೆ ಎಂದುಕೊಂಡಿದ್ದೇನೆ.

ರಜೆಯಲ್ಲಿ ನೀನು ಜೀಬ್ರಾ ಪಟ್ಟೆಯ ಮುಂದೆ ಕಾರು ನಿಲ್ಲಿಸಿದಾಗ ಹಿಂದಿನವರು ಹಾರ್ನ್ ಬಾರಿಸಿದ್ದು, ನಾವೆಲ್ಲ ನಕ್ಕದ್ದು ನೆನಪಿರಬೇಕು. 2000ದ ಮೇ ತಿಂಗಳಿನಿಂದ ಅಲ್ಲಿ ಸಿಗ್ನಲ್ ಇಲ್ಲದ ಪಟ್ಟೆಯಲ್ಲೂ ನಡೆಯುವವರಿಗೆ ದಾರಿ ಬಿಡಲೇಬೇಕು ಎಂದು ನೀನು ವಿವರಿಸುತ್ತಿದ್ದೆ. ನಿಯಮದ ಪುಸ್ತಕ ತೆಗೆದರೆ ನಮ್ಮಲ್ಲೂ ಪಾದಚಾರಿಗೇ ಮೊದಲು. ಸಿಗ್ನಲ್ಲಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ ಬಿಡು ಎಂದು ಎರಡೂ ದೇಶಗಳ ಪುಸ್ತಕ ಹೇಳುತ್ತದೆ. ನಮ್ಮಲ್ಲಿ ಆ ಸಾಲನ್ನು ಲೈಸೆನ್ಸ್ ಪರೀಕ್ಷೆಯ ದಿನ ಓದಿ ಸಂಜೆಯೊಳಗೆ ಮರೆಯುತ್ತಾರೆ. ಮೂಗು ಮೊದಲು ತೂರಿಸಿದವನದೇ ದಾರಿ. ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ಅಲ್ಲಿ "ನೀನು ಹೋಗು" ಎಂದು ತಿಳಿಯುತ್ತಾರೆ ಎಂದಿದ್ದೆ. ಇಲ್ಲಿ "ನಾನು ಬರುತ್ತಿದ್ದೇನೆ, ನಿಲ್ಲು" ಎಂದು.

ಇದೆಲ್ಲ ಕೈ ತಾನಾಗಿ ಕಲಿತುಕೊಳ್ಳುತ್ತದೆ, ಇದರ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಆ ಖಾಲಿ ರಸ್ತೆಯದು. ನಾಲ್ಕು ವಾಹನಗಳಿದ್ದರೆ ಅವೇ ನಿನ್ನನ್ನು ಸರಿಯಾದ ಕಡೆಗೆ ಎಳೆದುಕೊಳ್ಳುತ್ತವೆ. ನಮ್ಮ ಊರಿನಲ್ಲಿ ಓಡಿಸಲು ಕಲಿತವರೆಲ್ಲ ಹಾಗೆಯೇ ಕಲಿತದ್ದು, ಮುಂದಿನವನ ಹಿಂಬದಿ ನೋಡಿ. ಯಾರೂ ಇಲ್ಲದಾಗ ನೋಡಲು ಏನಿದೆ? ಆಗ ಕೈ ತನ್ನ ಹಳೆಯ ಊರಿಗೆ ಹೋಗಿಬಿಡುತ್ತದೆ.

ಇಲ್ಲಿ ಹೆದ್ದಾರಿಯಲ್ಲಿ ಎದುರಿನಿಂದ ಬೈಕ್ ಬಂದರೆ ಯಾರೂ ಬೆಚ್ಚುವುದಿಲ್ಲ. ಯೂ ಟರ್ನ್ ದೂರವಿದೆ ಎಂದು ಟ್ರ್ಯಾಕ್ಟರ್ ಬರುತ್ತದೆ, ಹಾಲಿನ ಟೆಂಪೊ ಬರುತ್ತದೆ, ಹುಲ್ಲಿನ ಹೊರೆ ಹೊತ್ತ ಗಾಡಿ ದೀಪವಿಲ್ಲದೆ ಬರುತ್ತದೆ. ಇದನ್ನು ಸಮರ್ಥಿಸುತ್ತಿಲ್ಲ, ಇದರಿಂದ ಸತ್ತವರನ್ನು ಕಂಡಿದ್ದೇನೆ. ಆದರೆ ಇಲ್ಲಿನ ಚಾಲಕ ಎದುರಿನವನನ್ನು ಎಂದೂ ನಂಬಿರುವುದಿಲ್ಲ, ಅವನ ಕಾಲು ಬ್ರೇಕಿನ ಮೇಲೆ ಅರ್ಧ ಇದ್ದೇ ಇರುತ್ತದೆ. ಅಲ್ಲಿ ನಿನ್ನ ಎದುರು ಬಂದವನು ನಂಬಿಕೊಂಡು ಬಂದಿದ್ದ. ಫಲಕದಲ್ಲಿ 70 ಎಂದಿದ್ದರೆ 70ರಲ್ಲೇ ಬಂದಿರುತ್ತಾನೆ. ಅವನು ಯಾರೋ, ಕಾರಿನಲ್ಲಿ ಇನ್ನು ಯಾರಿದ್ದರೋ. ನಿನ್ನನ್ನು ನೆನೆದಷ್ಟೇ ಅವನನ್ನೂ ಈ ವಾರವೆಲ್ಲ ನೆನೆದಿದ್ದೇನೆ.

ನಿನ್ನ ದೇಶವೇ (ಈಗ ಹಾಗೆನ್ನಬಹುದಲ್ಲವೆ?) ಒಂದು ಕಾಲಕ್ಕೆ ಎಡಗಡೆಯಲ್ಲಿ ಓಡಿಸುತ್ತಿತ್ತು ಎಂದು ನಾನು ಮೊದಲು ಕೇಳಿದ್ದು ವೋಲ್ವೊ ಬಸ್ಸಿನ ತರಬೇತಿಯಲ್ಲಿ. 1955ರ ಜನಮತ ಸಂಗ್ರಹದಲ್ಲಿ ಸುಮಾರು 83 ಶೇಕಡಾ ಜನ ಎಡವೇ ಇರಲಿ ಎಂದರಂತೆ. ಆದರೂ 1967ರ ಸೆಪ್ಟೆಂಬರ್ 3ರ ಭಾನುವಾರ ಬದಲಾಯಿಸಿಯೇ ಬಿಟ್ಟರು. ಆ ರಾತ್ರಿ ಅಗತ್ಯದ ವಾಹನಗಳನ್ನು ಬಿಟ್ಟು ಉಳಿದವಕ್ಕೆ ರಸ್ತೆಗೆ ಬರಲು ಬಿಡಲಿಲ್ಲ. ಇದ್ದವು ಬೆಳಗಿನ 4.50ಕ್ಕೆ ನಿಂತು, ಮೆಲ್ಲನೆ ಬಲಕ್ಕೆ ಸರಿದು, 5 ಗಂಟೆಗೆ ಹೊರಟವು. ವೇಗದ ಮಿತಿ ಇಳಿಸಿದ್ದರು, ಹಾಲಿನ ಪೊಟ್ಟಣದ ಮೇಲೂ ಆ ದಿನದ ಗುರುತು ಅಚ್ಚಾಗಿತ್ತು. ಅಪಘಾತಗಳು ಕಡಿಮೆಯಾದವು, ಏಕೆಂದರೆ ಎಲ್ಲರಿಗೂ ಒಟ್ಟಿಗೆ ಭಯವಿತ್ತು. ಒಂದೆರಡು ವರ್ಷದಲ್ಲಿ ಭಯ ಹೋಯಿತು, ಅಪಘಾತಗಳು ಹಳೆಯ ಮಟ್ಟಕ್ಕೆ ಮರಳಿದವು. ಅವರಿಗೆ ಇಡೀ ದೇಶ ಜೊತೆಗಿತ್ತು ಪುಟ್ಟಿ. ನೀನು ಅಂದು ಒಬ್ಬಳೇ ಇದ್ದೆ.

ಆ ಬದಲಾವಣೆಗೆ ಒಂದು ಕಾರಣ ನಿನಗೆ ಉಪಯೋಗಕ್ಕೆ ಬರಬಹುದು. ಎಡಗಡೆ ಓಡಿಸುವ ಕಾಲದಲ್ಲೂ ಅಲ್ಲಿನ ಬಹುತೇಕ ಕಾರುಗಳ ಸ್ಟಿಯರಿಂಗ್ ಎಡಕ್ಕೇ ಇತ್ತು. ಚಾಲಕ ರಸ್ತೆಯ ಅಂಚಿಗೆ ಕುಳಿತಿರುತ್ತಿದ್ದ, ಮುಂದಿನ ಗಾಡಿಯನ್ನು ಹಿಂದಿಕ್ಕುವಾಗ ಎದುರು ಬರುವುದು ಕಾಣುತ್ತಿರಲಿಲ್ಲ. ಈಗ ನಮ್ಮಲ್ಲೂ ನಿಮ್ಮಲ್ಲೂ ಚಾಲಕ ಕುಳಿತ ಪಕ್ಕದಲ್ಲೇ ರಸ್ತೆಯ ನಡುಗೆರೆ ಇರುತ್ತದೆ. ಎಡ, ಬಲ ಎಂದು ಲೆಕ್ಕ ಹಾಕುತ್ತ ಕೂರಬೇಡ, ನಿದ್ದೆಗಣ್ಣಿನಲ್ಲಿ ಅದು ತಿರುವುಮುರುವಾಗುತ್ತದೆ. ನನ್ನ ಮಗ್ಗುಲಿಗೆ ನಡುಗೆರೆ ಇದೆಯೇ ಎಂದು ಮಾತ್ರ ನೋಡಿಕೊ. ಬಾಯಿಬಿಟ್ಟು ಹೇಳಿಕೊಂಡರೆ ಇನ್ನೂ ಒಳ್ಳೆಯದು. ಕಾರಿನಲ್ಲಿ ಕೇಳಿಸಿಕೊಳ್ಳುವವರು ಯಾರಿದ್ದಾರೆ, ನಾಚಿಕೆ ಏಕೆ.

ಶಿರಾಡಿ ಘಾಟಿಯಲ್ಲಿ ನಾನು ಹೀಗೆ ಮಾತಾಡಿಕೊಳ್ಳುತ್ತಿದ್ದೆ. ಸಕಲೇಶಪುರ ದಾಟಿದ ಮೇಲೆ ಮಂಜಿದ್ದರೆ ಬಿಳಿ ಗೆರೆಯೊಂದೇ ಆಸರೆ. ಪ್ರಯಾಣಿಕರೆಲ್ಲ ಮಲಗಿರುತ್ತಿದ್ದರು. ಲಾರಿಗಳ ಸಾಲು ಸಿಕ್ಕಿದರೆ ಬೇಸರವಾಗುತ್ತಿತ್ತು, ಸಿಗದಿದ್ದರೆ ಹೆದರಿಕೆಯಾಗುತ್ತಿತ್ತು. ಈ ಹೆದರಿಕೆಯನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ನಿನ್ನ ದೊಡ್ಡಮ್ಮ ನನ್ನ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಬಂದಾಗಲೂ ಹಿಂದಿನ ಸೀಟುಗಳಲ್ಲೇ ಕುಳಿತಳು, ಚಾಲಕನೊಡನೆ ಮಾತಾಡಬಾರದೆಂಬ ಫಲಕವನ್ನು ಅವಳಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲ. ನಾವು ಸ್ವಂತ ಕಾರು ಕೊಂಡದ್ದು ಅವಳು ಹೋದ ಮೇಲೆ. ಪಕ್ಕದಲ್ಲಿ ಕುಳಿತು ಅವಳು ಏನು ಮಾತಾಡುತ್ತಿದ್ದಳೋ ನನಗೆ ಗೊತ್ತಾಗಲೇ ಇಲ್ಲ. ಅದಿರಲಿ.

ಇನ್ನೊಂದು ಮಾತು. ಬಂಕಿನಿಂದ ಹೊರಬಂದು ನೀನು ತಿರುಗಿದ್ದು ಎಡಕ್ಕೆ ಇರಬೇಕು ಎಂದು ನನ್ನ ಊಹೆ. ಬಲಕ್ಕೆ ತಿರುಗಿದರೆ ಅಂಚು ಹಿಡಿದೇ ಸರಿಯಾದ ಕಡೆಗೆ ಸೇರುತ್ತೀಯೆ. ಎಡಕ್ಕೆ ತಿರುಗುವಾಗ ರಸ್ತೆಯ ಅರ್ಧ ದಾಟಬೇಕು, ದಣಿದ ಕೈ ದಾಟದೆ ಹತ್ತಿರದ ಸಾಲಿಗೇ ಬೀಳುತ್ತದೆ. ಸಾಧ್ಯವಾದರೆ ಸ್ವಲ್ಪ ಕಾಲ ಬಲಕ್ಕೆ ಹೊರಬರುವ ಬಂಕ್ ಹುಡುಕು, ಸುತ್ತಾದರೂ ಪರವಾಗಿಲ್ಲ. ಪಾಳಿ ಮುಗಿದ ಬೆಳಗ್ಗೆ ಟ್ರಾಮ್ ಹತ್ತಿದರೂ ಆದೀತು. ಅಲ್ಲಿನ ದಾರಿ ಕಾಣದ ನಾನು ಇಷ್ಟೆಲ್ಲ ಹೇಳುವುದು ಅತಿಯಾಯಿತೇನೋ, ಕ್ಷಮಿಸು.

ಓಡಿಸುವುದನ್ನೇ ಬಿಡುತ್ತೇನೆ ಎಂದಿದ್ದೀಯೆ. ಬೇಡ ಎನ್ನಲು ನನಗೆ ಧೈರ್ಯವಿಲ್ಲ, ಬಿಡು ಎನ್ನಲು ಮನಸ್ಸಿಲ್ಲ. ಲೈಸೆನ್ಸಿಗಾಗಿ ನೀನು ಜಾರುವ ನೆಲದ ಮೇಲೆ ಕಾರು ಓಡಿಸುವ ಪಾಠ ಮುಗಿಸಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು, ನಮಗೆ ಅಂಥದ್ದನ್ನು ಘಾಟಿಯ ಮಳೆಯೇ ಕಲಿಸಿತ್ತು. ಹಾಗೆ ಕಲಿತವಳು ಬಿಟ್ಟರೆ ನನಗೆ ಬೇಸರವಾಗುತ್ತದೆ. ಆದರೆ ಎಷ್ಟು ದೂರ ಬಂದೆನೋ ತಿಳಿಯದು ಎನ್ನುವ ಬೆಳಗು ಇನ್ನೊಂದು ಬಂದರೆ, ಆ ದಿನವೇ ಬೀಗದ ಕೈಯನ್ನು ಅಳಿಯಂದಿರ ಕೈಗೆ ಕೊಡು.

ಈ ವಿಷಯ ನಿನ್ನ ಅಪ್ಪನಿಗೆ ಹೇಳಿಲ್ಲ. ಹೇಳುವುದಾದರೆ ನೀನೇ ಹೇಳು. ಇಷ್ಟುದ್ದ ಏನು ಬರೆದೆ ಎಂದು ಅವನು ಕೇಳಿದರೆ, ಟೈರಿನ ಬಗ್ಗೆ ಎನ್ನುತ್ತೇನೆ. ಆದ್ದರಿಂದ ಡಿಸೆಂಬರ್ 1ಕ್ಕೆ ಮೊದಲು ಚಳಿಗಾಲದ ಟೈರ್ ಹಾಕಿಸಿಕೊ, ನನ್ನ ಮಾತು ಸುಳ್ಳಾಗದಿರಲಿ.

ಇಂತು ನಿನ್ನ ದೊಡ್ಡಪ್ಪ