ಹನ್ನೆರಡು ಅಮಾವಾಸ್ಯೆ ಜೊತೆಗಿದ್ದ ನಿಮಗೆ

ಹೋದ ವರ್ಷ ಮಹಾಲಯ ಅಮಾವಾಸ್ಯೆಯಂದು ಶುರುವಾದ ನಮ್ಮ ಸಂಜೆಯ ಕೂಟಕ್ಕೆ ಈ ಬೆನಕನ ಅಮಾವಾಸ್ಯೆಗೆ ಹನ್ನೆರಡು ತುಂಬಿತು. ಮನೆಯಲ್ಲಿ ಸಾವು ಕಂಡವರು, ಮದುವೆ ಮುರಿದವರು, ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡವರು, ನಿವೃತ್ತಿಯಾದ ಮೇಲೆ ಬೆಳಗ್ಗೆ ಎದ್ದು ಏನು ಮಾಡುವುದೆಂದು ತೋಚದವರು, ಎಲ್ಲರೂ ತಿಂಗಳಿಗೊಮ್ಮೆ ಸೇರಿ ಮನೆಯಲ್ಲಿ ಒಬ್ಬೊಬ್ಬರೇ ಮಾಡಿಕೊಳ್ಳಬಹುದಾದ ಸಣ್ಣ ಆಚರಣೆಗಳನ್ನು ಕಲಿಯುವುದು ಕೂಟದ ಕೆಲಸ. ನಡೆಸಿದವರು ನಾವಾದರೂ ಕಲಿಸಿದವರು ನೀವು. "ಇಷ್ಟುದ್ದ ಬೇಡಿ", "ಇದು ನಮ್ಮನೇಲಿ ಆಗಲ್ಲ", "ಇದ್ರಿಂದ ಇನ್ನೂ ಭಯ ಆಯ್ತು" ಎಂದು ಬಾಯಿಬಿಟ್ಟು ಹೇಳಿ ನಮ್ಮ ಪಟ್ಟಿಯನ್ನು ಅರ್ಧಕ್ಕಿಳಿಸಿದಿರಿ. ಹಾಗೆ ಹೇಳಿದ ಒಬ್ಬೊಬ್ಬರಿಗೂ ಈ ಕೃತಜ್ಞತೆ. ಯಾರಿಂದ ಏನು ತಿದ್ದುಪಡಿಯಾಯಿತು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಬರಲಾಗದವರ ಮನೆಗೂ ಅದು ತಲುಪಲಿ.

ಮೊದಲ ನಮಸ್ಕಾರ, ದೀಪ ನಡುವೆ ಆರಿಹೋದರೆ ಎದೆ ಧಸಕ್ಕೆನ್ನುತ್ತದೆ ಎಂದು ಹೇಳಿದವರಿಗೆ. ಹೋದವರ ಹೆಸರಿನಲ್ಲಿ ಸಂಜೆ ಒಂದು ದೀಪ ಹಚ್ಚಿ ಎಂದಷ್ಟೇ ನಾವು ಮೊದಲು ಹೇಳುತ್ತಿದ್ದೆವು. ಫ್ಯಾನಿನ ಗಾಳಿಗೆ ಆರಿದ ದೀಪವೂ ದುಃಖದಲ್ಲಿರುವವರಿಗೆ ಅಪಶಕುನವಾಗಿ ಕಾಣುತ್ತದೆ ಎಂಬುದು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಈಗ ಹೇಳುವುದು ಹೀಗೆ: ಹೊಸ ಮಣ್ಣಿನ ಹಣತೆಯನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು, ಮರುದಿನ ಬಿಸಿಲಲ್ಲಿ ಪೂರ್ತಿ ಒಣಗಿಸಿ. ನೆನೆಸದ ಹಣತೆ ಎಣ್ಣೆ ಕುಡಿಯುತ್ತದೆ. ಸರಿಯಾಗಿ ಒಣಗದ ಹಣತೆಯಲ್ಲಿ ನೀರಿನ ಪಸೆ ಬತ್ತಿಗೇರಿ, ಚಟಚಟ ಸಿಡಿದು ಆರುತ್ತದೆ. ಬತ್ತಿ ಬರೀ ಹತ್ತಿಯದಾಗಿರಲಿ, ಎರಡೆಳೆ ಸೇರಿಸಿ ಹೊಸೆದದ್ದು. ತುದಿ ಒಂದು ಅವರೆಕಾಳಿನಷ್ಟು ಮಾತ್ರ ಹೊರಗಿರಲಿ, ಉದ್ದವಾದರೆ ಮಸಿ ಕಾರುತ್ತದೆ. ಎಣ್ಣೆ ಎರಡೇ ಚಮಚ. ಫ್ಯಾನ್ ಆರಿಸಿ, ಕಿಟಕಿಯಿಂದ ದೂರ, ಕೆಳಗೊಂದು ತಟ್ಟೆ, ಹತ್ತಿರ ಪರದೆ ಇರಬಾರದು.

ಎಣ್ಣೆ ಅಳೆದು ಹಾಕುವುದರಲ್ಲೇ ಇದರ ಗುಟ್ಟಿದೆ. ಎಣ್ಣೆ ತೀರಿದಾಗ ದೀಪ ತಾನಾಗಿ ಶಾಂತವಾಗುತ್ತದೆ, ಅಲ್ಲಿಗೆ ಇವತ್ತಿನ ಅಳುವಿನ ಹೊತ್ತೂ ಮುಗಿಯಿತು ಎಂದು ಮೊದಲೇ ನಿಶ್ಚಯಿಸಿಕೊಂಡಿರುತ್ತೀರಿ. ಆರುವುದೇ ಕೊನೆ ಎಂದು ಗೊತ್ತಿರುವಾಗ ಅದು ಶಕುನವಾಗುವುದಿಲ್ಲ. ಕೂರುವ ಹೊತ್ತಿಗೆ ಅಳತೆಯಿಲ್ಲದಿದ್ದರೆ ಅರ್ಧ ಗಂಟೆ ಮೂರು ಗಂಟೆಯಾಗಿ, ಊಟ ತಪ್ಪಿ, ನಿದ್ದೆ ಕೆಟ್ಟು, ನಾಲ್ಕನೇ ದಿನಕ್ಕೆ ಮನೆಯವರೇ ಬೇಡವೆನ್ನುತ್ತಾರೆ. ಪರದೇಶದಲ್ಲಿರುವ ಮಕ್ಕಳು ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ ಎಂದು ತಿಳಿಸಿದಿರಿ. ಬಾಡಿಗೆ ಮನೆಯಲ್ಲಿ ಬೆಂಕಿ ಹಚ್ಚಬಾರದೆಂಬ ಕರಾರು ಇದ್ದರೆ ಹಣತೆಯಲ್ಲಿ ನೀರು ತುಂಬಿ ಒಂದು ಹೂ ತೇಲಿಬಿಟ್ಟು, ಫೋನಿನಲ್ಲಿ ಇಪ್ಪತ್ತು ನಿಮಿಷದ ಗಂಟೆ ಇಟ್ಟುಕೊಳ್ಳಿ. ಅಳತೆ ಇದ್ದರೆ ಸಾಕು, ಎಣ್ಣೆಯೇ ಆಗಬೇಕೆಂದಿಲ್ಲ.

ಹೋದವರಿಗೆ ಪತ್ರ ಬರೆದು ಕಷ್ಟಪಟ್ಟವರಿಗೆ ಎರಡನೆಯ ನಮಸ್ಕಾರ. ಮನಸ್ಸಿನಲ್ಲಿರುವುದನ್ನೆಲ್ಲ ಕಾಗದಕ್ಕಿಳಿಸಿದರೆ ಹಗುರಾಗುತ್ತದೆ ಎಂಬ ಮಾತು ಅರ್ಧ ಸತ್ಯ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ ಸತತವಾಗಿ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ಬದುಕಿನ ದೊಡ್ಡ ನೋವಿನ ಬಗ್ಗೆ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಸಿಯಿತು. ನಡೆದದ್ದನ್ನೂ ಅದರಿಂದ ಆದ ಸಂಕಟವನ್ನೂ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅಂದರೆ ಭಾರ ಮೊದಲು, ಹಗುರ ಆಮೇಲೆ. ಇದನ್ನು ಮುಂಚೆಯೇ ಹೇಳದೆ ಪೆನ್ನು ಕೈಗೆ ಕೊಡುವುದು ತಪ್ಪು. ಎರಡನೇ ದಿನಕ್ಕೇ ಬಿಟ್ಟವರು ತಮ್ಮಲ್ಲೇ ಏನೋ ಕೊರತೆ ಇದೆ ಎಂದುಕೊಂಡಿದ್ದರು. ಕೊರತೆ ಇದ್ದದ್ದು ನಾವು ಹೇಳಿದ ರೀತಿಯಲ್ಲಿ.

ಆದ್ದರಿಂದ: ಸಾವಾದ ಮೊದಲ ವಾರಗಳಲ್ಲಿ ಬರೆಯಬೇಡಿ. ಮಲಗುವ ಮುಂಚೆ ಬೇಡ, ಸಂಜೆ ಐದು-ಆರರ ಹೊತ್ತಿಗಿರಲಿ. ಬರೆದ ಮೇಲೆ ಮಾಡಲು ಒಂದು ಮಾಮೂಲಿ ಕೆಲಸ ಇಟ್ಟುಕೊಂಡಿರಿ, ಸೊಪ್ಪು ಬಿಡಿಸುವುದೋ, ಗಿಡಕ್ಕೆ ನೀರು ಹಾಕುವುದೋ. ಒಂದು ಘಟನೆ ಬರೆಯಲು ಹೊರಟಾಗ ಕೈ ನಡುಗಿ ತಡೆಯಲಾರೆ ಅನಿಸಿದರೆ ಅದನ್ನು ಅಲ್ಲಿಗೇ ಬಿಟ್ಟು ಬೇರೆಯದನ್ನು ಬರೆಯಿರಿ. ಕಾಗುಣಿತ ನೋಡಿಕೊಳ್ಳಬೇಡಿ. ಕನ್ನಡ ಬರೆದು ವರ್ಷಗಳೇ ಆಗಿವೆ ಎನ್ನುವವರು ಫೋನಿಗೆ ಹೇಳಿ ಧ್ವನಿಮುದ್ರಿಸಿಕೊಂಡರೂ ಆದೀತು, ಅಮ್ಮನಿಗೆ ಹೇಳಬೇಕಾದ್ದನ್ನು ಅಮ್ಮನ ಜೊತೆ ಆಡುತ್ತಿದ್ದ ಮಾತಿನಲ್ಲೇ ಹೇಳಿ.

ಬರೆದದ್ದನ್ನು ಸುಡಬೇಕೆಂದೇನಿಲ್ಲ. ಬಕೆಟ್ಟಿನಲ್ಲಿ ನೀರು ಹಾಕಿ ಕಾಗದವನ್ನು ಬೆರಳಗಲ ಹರಿದು ರಾತ್ರಿ ನೆನೆಹಾಕಿದರೆ ಬೆಳಗ್ಗೆ ಕೈಯಲ್ಲಿ ಹಿಸುಕಿ ಮುದ್ದೆ ಮಾಡಬಹುದು. ಶಾಯಿ ಪೆನ್ನಿನ ಅಕ್ಷರ ಸಾಮಾನ್ಯವಾಗಿ ನೀರಲ್ಲಿ ಕರಗುತ್ತದೆ, ಬಾಲ್ ಪೆನ್ನಿನದು ಹಾಗೇ ಉಳಿಯುತ್ತದೆ. ಅಕ್ಷರ ಹೋಗುವುದನ್ನು ಕಣ್ಣಾರೆ ನೋಡಬೇಕೆನ್ನುವವರು ಬರೆಯುವ ಮುಂಚೆಯೇ ಪೆನ್ನು ಆರಿಸಿಕೊಳ್ಳಿ. ನುಣುಪು ಕಾಗದ ನೆನೆಯುವುದಿಲ್ಲ, ಹಳೆಯ ನೋಟ್‌ಬುಕ್ಕಿನ ಹಾಳೆ ಸಾಕು. ಫೋಟೋ ಸುಡಲೇಬೇಡಿ: ಮೇಲೆ ಪ್ಲಾಸ್ಟಿಕ್ ಲೇಪವಿರುತ್ತದೆ, ಹೊಗೆ ಕೆಟ್ಟದ್ದು, ಆರು ತಿಂಗಳ ನಂತರದ ಪಶ್ಚಾತ್ತಾಪ ಅದಕ್ಕಿಂತ ಕೆಟ್ಟದ್ದು.

ಇನ್ನು ಬಟ್ಟೆಯ ವಿಷಯ. ಇಲ್ಲಿ ನಾವು ಅತಿ ಹೆಚ್ಚು ಋಣಿಗಳು.

ಹದಿಮೂರನೇ ದಿನ ಮುಗಿದ ಕೂಡಲೇ ನೆಂಟರು ಸೇರಿ ಬೀರು ಖಾಲಿ ಮಾಡಿಬಿಡುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ನಿರ್ಧಾರ ಬೇರೆಯವರದ್ದಾಗಿರುತ್ತದೆ, ನೋವು ಉಳಿಯುವುದು ಮನೆಯವರಿಗೆ. ಮೂರು ರಾಶಿ ಮಾಡಿ: ಇಟ್ಟುಕೊಳ್ಳುವುದು, ಕೊಡುವುದು, ಈಗಲೇ ಹೇಳಲಾರೆ ಎನ್ನುವುದು. ಮೂರನೇ ರಾಶಿಯನ್ನು ಟ್ರಂಕಿನಲ್ಲಿಟ್ಟು, ಮತ್ತೆ ತೆರೆಯುವ ದಿನಾಂಕವನ್ನು ಚೀಟಿಯಲ್ಲಿ ಬರೆದು ಮೇಲೆ ಅಂಟಿಸಿ. ವರ್ಷಾಂತಿಕದ ನಂತರದ ವಾರ ಬಹಳ ಮನೆಗಳಿಗೆ ಹೊಂದುತ್ತದೆ. ಜೇಬು, ಪರ್ಸು, ಸೀರೆಯ ಮಡಿಕೆ ನೋಡದೆ ಏನನ್ನೂ ಕೊಡಬೇಡಿ. ಮೈವಾಸನೆ ಉಳಿದ ಒಂದು ಬಟ್ಟೆಯನ್ನು ಒಗೆಯದೆ ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಹಳೆಯ ಪಂಚೆಯಲ್ಲಿ ಸುತ್ತಿ ಒಣಗಿದ ಬೇವಿನೆಲೆ ಜೊತೆಗಿಡಿ. ಜರಿ ಸೀರೆಗೆ ನುಸಿಗುಳಿಗೆ ತಾಗಿಸಬೇಡಿ, ಜರಿ ಕಪ್ಪಾಗುತ್ತದೆ. ರೇಷ್ಮೆಯನ್ನು ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿದರೆ ಗೆರೆಯಲ್ಲಿ ಸೀಳುವುದಿಲ್ಲ. ಹಾಗೆ ತೆಗೆದು ಮಡಚುವುದೇ ಒಂದು ಆಚರಣೆಯಾಗುತ್ತದೆ, ಅದಕ್ಕೆ ಬೇರೆ ಮಂತ್ರ ಬೇಕಿಲ್ಲ.

ಧಾರವಾಡ ಸೀಮೆಯಿಂದ ಬಂದ ಅವ್ವಂದಿರೇ, ನೀವು ಕೌದಿ ಹಾಕುವುದನ್ನು ಕಲಿಸದಿದ್ದರೆ ಈ ಕೂಟ ಬರೀ ಮಾತಿನಲ್ಲಿ ಮುಗಿಯುತ್ತಿತ್ತು. ಲೆಕ್ಕ ಎಷ್ಟು ಸರಳ ನೋಡಿ. ಐದೂವರೆ ಮೀಟರಿನ ನೂಲಿನ ಸೀರೆಯನ್ನು ಉದ್ದಕ್ಕೆ ಮೂರು ಪಾಲು ಮಾಡಿ ಒಂದರ ಮೇಲೊಂದು ಹಾಸಿದರೆ ಆರಡಿ ಉದ್ದ, ಸೀರೆಯ ಅಗಲವೇ ಅಗಲ, ಮೂರು ಪದರ. ಒಬ್ಬರು ಹೊದೆಯಲು ಸಾಕು. ಮೇಲಿನ ತೇಪೆಗೆ ಅವರ ರವಿಕೆ, ಅಂಗಿ, ಲುಂಗಿಯ ತುಂಡುಗಳು. ಎಲ್ಲವನ್ನೂ ಮೊದಲು ಬಿಸಿನೀರಲ್ಲಿ ಒಗೆದು ಒಣಗಿಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಒಂದು ತುಂಡು ಕುಗ್ಗಿ ಇನ್ನೊಂದು ಸುಕ್ಕಾಗುತ್ತದೆ. ಮಿಷನ್ನಿನ ತೆಳು ದಾರ ತಾಳುವುದಿಲ್ಲ. ದಪ್ಪ ಹತ್ತಿ ದಾರ ಎರಡೆಳೆ ಇರಲಿ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ಒಳಗೆ ಬರಬೇಕು, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ. ಅಂಚು ಕಟ್ಟದೆ ನಡುವಿನಿಂದ ಹೊಲಿಯಲು ಹೋದರೆ ಪದರಗಳು ಸರಿದು ಬಟ್ಟೆ ಗಂಟುಗಟ್ಟುತ್ತದೆ. ನೈಲಾನು, ರೇಷ್ಮೆ ಎರಡೂ ಜಾರುತ್ತವೆ, ಬೇಡ.

ಅತಿ ಪ್ರೀತಿಯ ಸೀರೆಗೆ ಮೊದಲು ಕತ್ತರಿ ಹಾಕಬೇಡಿ ಎಂದು ನೀವು ಹೇಳಿದ ಮಾತನ್ನು ಹೊಸಬರಿಗೆ ತಪ್ಪದೆ ಹೇಳುತ್ತೇವೆ. ಕೈ ಪಳಗುವ ತನಕ ಬೇರೆ ಹಳೆಬಟ್ಟೆ, ಆಮೇಲೆ ಅವರದ್ದು, ಮೊದಲ ಕತ್ತರಿಯ ಹೊತ್ತಿಗೆ ಪಕ್ಕದಲ್ಲಿ ಒಬ್ಬರು. ದಿನಕ್ಕೆ ಎರಡು ಸಾಲು ಸಾಕು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಮೂಲೆಗಳಲ್ಲಿ ಮಡಚಿದ ಬಟ್ಟೆಯ ಫೂಲ ಇಡುತ್ತಾರೆ, ಅದಿಲ್ಲದೆ ಕವಂದಿ ಪೂರ್ತಿಯಾಗುವುದಿಲ್ಲ. ಮುಗಿಯಿತು ಎಂದು ಕೈಗೇ ತಿಳಿಯುವ ಅಂಥದ್ದೊಂದು ಗುರುತು ಎಲ್ಲ ಆಚರಣೆಗೂ ಇರಬೇಕೆಂದು ನಮಗನಿಸಿದೆ.

ಹುಟ್ಟುವ ಮುಂಚೆಯೇ ಹೋದ ಮಕ್ಕಳಿಗೆ ನಮ್ಮ ಬಹುಪಾಲು ಸಂಪ್ರದಾಯಗಳಲ್ಲಿ ದೊಡ್ಡವರಿಗೆ ಮಾಡುವಂಥ ಕರ್ಮಗಳಿಲ್ಲ. ಹನ್ನೊಂದಿಲ್ಲ, ತಿಥಿಯಿಲ್ಲ, ಎಡೆಯಿಲ್ಲ. ಆ ತಾಯಂದಿರು ಬಂದು ಕೂತದ್ದೇ ದೊಡ್ಡ ಧೈರ್ಯ, ಅವರಿಗೆ ಕೈಮುಗಿಯುತ್ತೇವೆ. ಮಗುವಿನ ಹೆಸರಲ್ಲಿ ಗಿಡ ನೆಡಿ ಎಂದು ಹೇಳುವುದು ಸುಲಭ. ತುಳಸಿ ನೆಟ್ಟು ಅದು ಅತಿ ನೀರಿಗೆ ಕೊಳೆತುಹೋದರೆ ಎರಡನೇ ಸಲ ಕಳೆದುಕೊಂಡಂತೆ ಆಗುತ್ತದೆ ಎಂದು ಅವರೇ ಹೇಳಬೇಕಾಯಿತು. ಈಗ ದೊಡ್ಡಪತ್ರೆ ಹೇಳುತ್ತೇವೆ. ಗೇಣುದ್ದದ ಕಡ್ಡಿ ಮುರಿದು, ಕೆಳಗಿನ ಎಲೆ ತೆಗೆದು, ಮರಳು ಬೆರೆತ ಮಣ್ಣಿಗೆ ಚುಚ್ಚಿದರೆ ಬೇರುಬಿಡುತ್ತದೆ. ಒಂದೇ ಸಲ ಮೂರು ಕುಂಡದಲ್ಲಿ ಹಾಕಿ, ಒಂದನ್ನು ತಂಗಿಯ ಮನೆಯಲ್ಲೋ ಗೆಳತಿಯ ಮನೆಯಲ್ಲೋ ಇಡಿ. ಕುಂಡದ ತಳದಲ್ಲಿ ತೂತಿರಲಿ, ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು. ಅಪ್ಪಂದಿರನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವರನ್ನು ಯಾರೂ ಹೇಗಿದ್ದೀಯ ಎಂದು ಕೇಳಿರುವುದಿಲ್ಲ.

ಕೋವಿಡ್ ಕಾಲದಲ್ಲಿ ಮುಖ ನೋಡಲೂ ಆಗದೆ ಕಳಿಸಿಕೊಟ್ಟವರು ಇನ್ನೂ ಬರುತ್ತಿದ್ದಾರೆ. 2021ರಲ್ಲಿ ವಾರಸುದಾರರು ಬಾರದ ಅಸ್ಥಿಯನ್ನು ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತು. ತಡವಾಯಿತು ಎಂಬ ಕೊರಗು ಬೇಡ, ಎಷ್ಟು ವರ್ಷದ ಮೇಲಾದರೂ ಬೀಳ್ಕೊಡಬಹುದು. ನಿಮ್ಮ ನಿಮ್ಮ ಪದ್ಧತಿ ಏನು ಹೇಳುತ್ತದೋ ಮೊದಲು ಅದನ್ನು ಕೇಳಿ. ಈ ವಿಷಯದಲ್ಲಿ ತಾಳ್ಮೆಯಿಂದ ದಾರಿ ಹೇಳಿದ ಪುರೋಹಿತರಿಗೂ, ಜಂಗಮರಿಗೂ, ಮೌಲವಿಗಳಿಗೂ, ಚರ್ಚಿನ ಫಾದರ್‌ಗಳಿಗೂ ವಂದನೆ. ನಾವು ಕಲಿಸುವುದು ತಿಥಿಗೆ ಬದಲಿಯಲ್ಲವೆಂದು ನೆನಪಿಸಿದವರು ನೀವು.

ವಿಚ್ಛೇದನವಾದವರಿಗೆ ಒಂದೇ ಮಾತು: ತಾಳಿಯನ್ನು ಏನು ಮಾಡುವುದೆಂದು ಮೊದಲ ಆರು ತಿಂಗಳು ತೀರ್ಮಾನಿಸಬೇಡಿ, ಡಬ್ಬಿಯಲ್ಲಿಟ್ಟು ದಿನಾಂಕ ಬರೆಯಿರಿ. ಆದರೆ ಬ್ಯಾಂಕು, ಪಿಎಫ್, ವಿಮೆಯ ನಾಮಿನಿ ಹೆಸರನ್ನು ಆ ವಾರವೇ ನೋಡಿ. ನಿವೃತ್ತರಿಗೆ, ಶಾಲು-ಹಾರದ ಮರುದಿನದಿಂದಲೇ ಎಂದಿನ ಹೊತ್ತಿಗೆ ಚಪ್ಪಲಿ ಮೆಟ್ಟಿ ಮನೆಯಿಂದ ಹೊರಟು ಒಂದು ಸುತ್ತು ಹಾಕಿ ಬರುವುದು.

ಎಷ್ಟು ದಿನ ಮಾಡಬೇಕು ಎಂಬ ಪ್ರಶ್ನೆಗೆ ಇಪ್ಪತ್ತೊಂದು ದಿನ ಎನ್ನುವ ರೂಢಿಯಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ಊರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಕೆಡಲಿಲ್ಲ. ತಪ್ಪಿದ ದಿನಕ್ಕೆ ಮರುದಿನ ಎರಡು ಸಲ ಮಾಡುವುದು ಬೇಡ. ಅಲ್ಲಿಂದಲೇ ಭಯ ಒಳಸೇರುತ್ತದೆ. ತಪ್ಪಿದರೆ ಏನೋ ಕೆಡುಕಾಗುತ್ತದೆ ಎನಿಸುವುದು, ಸರಿಯಾಗಲಿಲ್ಲವೆಂದು ಮತ್ತೆ ಮತ್ತೆ ಮಾಡುವುದು, ಹತ್ತು ನಿಮಿಷದ ಕೆಲಸ ಗಂಟೆಗೆ ಏರುವುದು ಕಂಡರೆ ಆಚರಣೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಇದನ್ನು ನಮಗೆ ತಿದ್ದಿ ಹೇಳಿದ ಆಪ್ತಸಮಾಲೋಚಕರಿಗೆ ವಿಶೇಷ ಕೃತಜ್ಞತೆ. ದೀಪ, ಪತ್ರ, ಕೌದಿ ಯಾವುದೂ ಔಷಧಿಯಲ್ಲ. ಹೋದವರ ಹಂಬಲವೇ ದಿನವಿಡೀ ಆವರಿಸಿ, ಸ್ನಾನ-ಊಟ-ಕೆಲಸ ತಪ್ಪುತ್ತಾ ತಿಂಗಳುಗಟ್ಟಲೆ ಇಳಿಯದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಅದಕ್ಕೆ ಆರು ತಿಂಗಳ ಗಡಿ ಇಟ್ಟಿದೆ, 2022ರಲ್ಲಿ ಪರಿಷ್ಕರಿಸಿದ ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂ ದೊಡ್ಡವರಿಗೆ 12 ತಿಂಗಳು ಎನ್ನುತ್ತದೆ. ಬದುಕು ಸಾಕೆಂಬ ಯೋಚನೆಗೆ ಯಾವ ಗಡಿಯೂ ಇಲ್ಲ, ಅದೇ ದಿನ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಂಥ ಹೊತ್ತಿನಲ್ಲಿ ಪತ್ರ ಬರೆಯುತ್ತಾ ಒಬ್ಬರೇ ಕೂರಬೇಡಿ.

ಬರುವ ಅಮಾವಾಸ್ಯೆ ಮಹಾಲಯ. ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ಹಾಗಾಗಿ ಕೂಟ ಮರುದಿನ ಸಂಜೆಗೆ. ಕೌದಿ ಅರ್ಧ ಹೊಲಿದವರು ತಂದುಬಿಡಿ, ಮೂಲೆ ಕಟ್ಟುವುದನ್ನು ಅವ್ವಂದಿರು ತೋರಿಸುತ್ತಾರೆ. ಹೊಸದಾಗಿ ಬರುವವರು ಏನೂ ತರಬೇಕಿಲ್ಲ, ಹಣತೆಗಳನ್ನು ನಾವು ಹಿಂದಿನ ರಾತ್ರಿಯೇ ನೆನೆಹಾಕಿ ಒಣಗಿಸಿಟ್ಟಿರುತ್ತೇವೆ.