ವೈನಿ, ಮೊನೆಯ ಸೂರ್ಯಕಾಂತಿ ಹಾಕಿಸಿ

ವೈನಿ, ನಮಸ್ಕಾರ.

ಪಡಸಾಲೆಗೆ ಅಂತ ನೀವು ಆರಿಸಿದ ಹೂವಿನ ಚಿತ್ರಗಳನ್ನು ನೋಡಿದೆ. ಆ ಮಿಂಚುವ ಗುಲಾಬಿ ಬೇಡ, ಲಾಡ್ಜ್ ರೂಮಿನ ಗೋಡೆ ಇದ್ದ ಹಾಗಿದೆ. ನನ್ನ ಮಾತು ಕೇಳುವುದಾದರೆ ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ ಬರೆದ ಸೂರ್ಯಕಾಂತಿ ಚಿತ್ರ ಹಾಕಿಸಿ.

ಮೂಲ ಚಿತ್ರ ಇಲ್ಲೇ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಕ್ಲೋಡ್ ಮೊನೆ ಫ್ರಾನ್ಸಿನ ವೆತೋಯ್ ಎಂಬ ಊರಲ್ಲಿದ್ದಾಗ, 1881ರಲ್ಲಿ, ತೋಟದ ಮೆಟ್ಟಿಲ ಪಕ್ಕ ಬೆಳೆದ ಹೂವನ್ನೇ ಕೊಯ್ದು ಹೂದಾನಿಯಲ್ಲಿಟ್ಟು ಬರೆದದ್ದು. ಹತ್ತಿರ ಹೋದರೆ ಬರೀ ಹಳದಿ, ಕಿತ್ತಳೆ ಬಣ್ಣದ ಗೀಟುಗಳು. ಸ್ವಲ್ಪ ಹಿಂದೆ ಸರಿದರೆ ಎಸಳು ಎದ್ದು ಕಾಣುತ್ತವೆ. ಹೀಗೆ ಬಿಡಿಬಿಡಿ ಗೀಟುಗಳಲ್ಲಿ ಬರೆಯುವ ಮೊನೆಯಂಥ ಇಂಪ್ರೆಷನಿಸ್ಟ್ ಚಿತ್ರಕಾರರ ಮಜವೇ ಅದು, ಹಾಗಾಗಿ ಸಣ್ಣ ಸೈಜಿನದು ತಂದರೆ ದುಡ್ಡು ದಂಡ. ಚಿತ್ರಕಾರ ವ್ಯಾನ್ ಗೋನ ಸೂರ್ಯಕಾಂತಿ ಇದಕ್ಕಿಂತ ಚೆಂದ ಅಂತ ಅವನ ಗೆಳೆಯ, ಇನ್ನೊಬ್ಬ ಚಿತ್ರಕಾರ ಗೋಗ್ಯಾಂ ಹೇಳಿದ್ದನಂತೆ. ವ್ಯಾನ್ ಗೋನೇ ಅದನ್ನು 1888ರಲ್ಲಿ ತಮ್ಮನಿಗೆ ಬರೆದು, ನನಗೇನೂ ಹಾಗನ್ನಿಸುವುದಿಲ್ಲ ಅಂದಿದ್ದಾನೆ. ನನಗೂ ಅನ್ನಿಸುವುದಿಲ್ಲ! ಅಲ್ಲದೆ ಅವನ ಹೂದಾನಿಯಲ್ಲಿ ಒಂದಷ್ಟು ಹೂ ಬಾಡಿವೆ, ಅವ್ವ ಅದನ್ನು ಮನೆಯೊಳಗೆ ಬಿಡುತ್ತಾಳಾ?

ಮೂಲ ಸುಮಾರು 101 ಸೆಂ.ಮೀ. ಎತ್ತರ, 81 ಸೆಂ.ಮೀ. ಅಗಲ ಇದೆ. ಅದೇ ಅಳತೆಗೆ ಪ್ರಿಂಟ್ ಮಾಡಿಸಿ. ಮ್ಯೂಸಿಯಂನವರೇ ಫೈಲ್ ಪುಕ್ಕಟೆ ಕೊಡುತ್ತಾರೆ, ನಾನು ಕಳಿಸುತ್ತೇನೆ. ವಿಜಯಪುರದಲ್ಲಿ ಅಷ್ಟು ದೊಡ್ಡದು ಆಗದಿದ್ದರೆ ಸೊಲ್ಲಾಪುರ ಇದ್ದೇ ಇದೆ. ಹೊಳೆಯುವ ಕಾಗದ ಬೇಡ, ಮ್ಯಾಟ್ ಇರಲಿ.

ಕಟ್ಟು ಹಾಕಿಸಲು ಅಣ್ಣನೊಬ್ಬನನ್ನೇ ಕಳಿಸಬೇಡಿ, ಬಂಗಾರದ ಬಣ್ಣದ್ದೇ ತರುತ್ತಾನೆ. ತೇಗದ ತೆಳು ಪಟ್ಟಿ ಸಾಕು. ಸುತ್ತ ಬಿಳಿ ಮೌಂಟ್ ಬೋರ್ಡ್, ಅಂದರೆ ಚಿತ್ರದ ಅಂಚಿಗೆ ಇಡುವ ದಪ್ಪ ರಟ್ಟು, ಮಾತ್ರ ಕೇಳಿ ಹಾಕಿಸಿ, ಇಲ್ಲದಿದ್ದರೆ ಕಾಗದ ಗಾಜಿಗೆ ತಾಗಿ, ಮಳೆಗಾಲದ ತೇವಕ್ಕೆ ಅಲ್ಲೇ ಅಂಟಿಕೊಳ್ಳುತ್ತದೆ.

ಇನ್ನು ಗೋಡೆ. ನೀವು ಹೇಳಿದ ಗೋಡೆಗೆ ಪಡುವಣ ಕಿಟಕಿಯ ಬಿಸಿಲು ನೇರ ಬೀಳುತ್ತದೆ ಅಲ್ವಾ? ನಮ್ಮೂರ ಏಪ್ರಿಲ್, ಮೇ ಬಿಸಿಲಿಗೆ ಪ್ರಿಂಟಿನ ಬಣ್ಣ ಸುಮ್ನೆ ಹಾರಿಹೋಗುತ್ತದೆ, ಗಾಜಿನಲ್ಲಿ ಕಿಟಕಿಯೇ ಕಾಣುತ್ತಿರುತ್ತದೆ. ದಿವಾನದ ಮೇಲಿನ ಗೋಡೆಯೇ ಒಳ್ಳೆಯದು. ಚಿತ್ರದ ನಡುಭಾಗ ನೆಲದಿಂದ 145 ಸೆಂ.ಮೀ. ಇರಲಿ, ಮ್ಯೂಸಿಯಂಗಳಲ್ಲಿ ಹೆಚ್ಚುಕಡಿಮೆ ಹಾಗೇ ತೂಗುಹಾಕುತ್ತಾರೆ. ನಮ್ಮ ಕಡೆ ಫೋಟೊ ಅಂದರೆ ಚತ್ತಿನ ಹತ್ತಿರ ಮೊಳೆ ಹೊಡೆದು ಮುಂದಕ್ಕೆ ಬಾಗಿಸುತ್ತಾರೆ, ಅಜ್ಜನ ಫೋಟೊಗೆ ಅದು ಸರಿ. ಗಾಜು ಸೇರಿ ಭಾರ ಜಾಸ್ತಿ ಆಗುತ್ತದೆ, ಎರಡು ಕಡೆ ಡ್ರಿಲ್ ಮಾಡಿಸಿ ಸ್ಕ್ರೂ ಹಾಕಿಸಿ.

ದಿವಾನದ ಉದ್ದ ಅಳೆದು ತಿಳಿಸಿ. ಅಪ್ಪಾಜಿ, ಅವ್ವನಿಗೆ ನಮಸ್ಕಾರ.

ನಿಮ್ಮ ಮೈದುನ