ದೊಡ್ಡವರಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡಲಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ನಡುವಯಸ್ಸಿನಲ್ಲಿ ಇಂಗ್ಲಿಷ್ ಕಲಿಯಲು ಹೊರಟಿರುವ ಒಬ್ಬರಿಗೆ ವ್ಯಾಕರಣ ಹೇಳಿಕೊಡಲು ಒಪ್ಪಿಕೊಂಡಿರುವುದಾಗಿ ಬರೆದು, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀಯ. ವ್ಯಾಕರಣ ಪುಸ್ತಕದ ಮೊದಲ ಅಧ್ಯಾಯದಿಂದ ಖಂಡಿತ ಬೇಡ. ಅವರು ಮಾಡುವ ತಪ್ಪುಗಳಿಂದಲೇ ಆರಂಭಿಸು. ತಿದ್ದುವ ಮೊದಲು ಆ ತಪ್ಪಿನ ಹಿಂದಿರುವ ತರ್ಕವನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊ.

'ಯೆಸ್ಟರ್‌ಡೇ ಐ ಡಿಡ್ ನಾಟ್ ವೆಂಟ್' ಎಂಬ ವಾಕ್ಯವನ್ನೇ ನೋಡು. ನಡೆದದ್ದು ನಿನ್ನೆ, ಹಾಗಾಗಿ ಕ್ರಿಯಾಪದ ಭೂತಕಾಲದಲ್ಲಿರಬೇಕು ಎಂಬುದು ಅವರ ಲೆಕ್ಕ, ಮತ್ತು ಆ ಲೆಕ್ಕದಲ್ಲಿ ಅಜಾಗರೂಕತೆ ಎಂಬುದು ಎಳ್ಳಷ್ಟೂ ಇಲ್ಲ. ಭೂತಕಾಲದ ಗುರುತನ್ನು 'ಡಿಡ್' ಆಗಲೇ ಹೊತ್ತುಕೊಂಡಿರುವುದರಿಂದ 'ಗೋ' ತನ್ನ ಮೂಲರೂಪದಲ್ಲೇ ಉಳಿಯುತ್ತದೆ ಎಂದು ನೀನು ವಿವರಿಸಬಹುದು. ಆದರೆ ಅದಕ್ಕಿಂತ ಮೊದಲು 'ಹೋದೆ', 'ಹೋಗಲಿಲ್ಲ' ಎಂದು ಕನ್ನಡದಲ್ಲೇ ಬರೆಸು. 'ಹೋದೆ'ಯಲ್ಲಿ ಕಾಣುವ ಭೂತಕಾಲದ ರೂಪ ನಿಷೇಧಕ್ಕೆ ಬಂದೊಡನೆ ಮಾಯವಾಗುವುದನ್ನು ಅವರೇ ಕಂಡುಕೊಂಡರೆ, ಇಂಗ್ಲಿಷಿನ ನಿಯಮ ಪರಕೀಯವೆನಿಸುವುದಿಲ್ಲ. ವಯಸ್ಕರಿಗೆ ಕಾರಣ ಬೇಕು. ವಿಭಕ್ತಿ, ಪ್ರತ್ಯಯ, ಕಾಲಗಳ ಪರಿಭಾಷೆಯನ್ನು ಅವರು ಶಾಲೆಯಲ್ಲೇ ಕಲಿತಿರುತ್ತಾರೆ. ಆ ಬಂಡವಾಳವನ್ನು ಬಳಸದೆ, ಎಲ್ಲವನ್ನೂ ಇಂಗ್ಲಿಷಿನಲ್ಲೇ ವಿವರಿಸಬೇಕೆಂಬ ಹಟ ನನಗಂತೂ ಅರ್ಥವಾಗಿಲ್ಲ.

ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರ ತಮ್ಮ ಪ್ರಬಂಧದಲ್ಲಿ, ಗೊತ್ತಿದ್ದೂ ಬಾಯಿತಪ್ಪಿ ಆಗುವ ದೋಷವನ್ನೂ ಕಲಿಯುವವರು ಆ ಹಂತದಲ್ಲಿ ಮನಸ್ಸಿನಲ್ಲಿ ಕಟ್ಟಿಕೊಂಡಿರುವ ನಿಯಮದಿಂದ ಹುಟ್ಟುವ ದೋಷವನ್ನೂ ಬೇರ್ಪಡಿಸಿದರು. ನಿನ್ನ ಸಮಯ ಸಲ್ಲಬೇಕಾದದ್ದು ಎರಡನೆಯದಕ್ಕೆ. ಒಂದೇ ತಪ್ಪು ಮತ್ತೆ ಮತ್ತೆ, ಒಂದೇ ಬಗೆಯ ಜಾಗದಲ್ಲಿ ಬರುತ್ತಿದ್ದರೆ ಅದು ಎರಡನೆಯ ಬಗೆಯದೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ತಿದ್ದುವ ಕ್ರಮದ ಬಗ್ಗೆಯೂ ಒಂದು ಮಾತು. ಅವರು ತಪ್ಪಾಗಿ ಹೇಳಿದ್ದನ್ನು ನಾವು ಮೆತ್ತಗೆ ಸರಿಪಡಿಸಿ ಹೇಳಿ ಮುಂದೆ ಸಾಗುವುದು ಸೌಜನ್ಯದ ದಾರಿಯಂತೆ ಕಾಣುತ್ತದೆ. ಕೆನಡಾದ ಫ್ರೆಂಚ್ ತರಗತಿಗಳನ್ನು ಅಧ್ಯಯನ ಮಾಡಿದ ಲೈಸ್ಟರ್ ಮತ್ತು ರಾಂಟಾ 1997ರಲ್ಲಿ ತೋರಿಸಿದಂತೆ, ಶಿಕ್ಷಕರು ಅತಿ ಹೆಚ್ಚು ಬಳಸುವ ಈ ವಿಧಾನಕ್ಕೆ ಕಲಿಯುವವರು ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವುದು ಕಡಿಮೆ. ಅವು ಮಕ್ಕಳ ತರಗತಿಗಳು, ನಿಜ. ಆದರೂ ದೊಡ್ಡವರು ನಮ್ಮ ತಿದ್ದುಪಡಿಯನ್ನು ಬರೀ ಒಪ್ಪಿಗೆಯೆಂದು ಭಾವಿಸಿ ತಲೆಯಾಡಿಸುವುದನ್ನು ನಾನೂ ಕಂಡಿದ್ದೇನೆ. 'ಡಿಡ್ ನಾಟ್...' ಎಂದು ಅರ್ಧಕ್ಕೆ ನಿಲ್ಲಿಸಿ ಕಾಯ್ದರೆ ಉಳಿದ ಪದವನ್ನು ಅವರೇ ಹುಡುಕುತ್ತಾರೆ. ಒಂದು ಪಾಠಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿದುಕೊ, ಉಳಿದವನ್ನು ಸದ್ಯಕ್ಕೆ ಬಿಟ್ಟುಬಿಡು.

'ಶಿ ಗೋಸ್' ಎಂಬಲ್ಲಿನ ಕೊನೆಯ 'ಸ್' ಬಗ್ಗೆ ಮಾತ್ರ ಬೇಸರಪಟ್ಟುಕೊಳ್ಳಬೇಡ. ನಿಯಮವನ್ನು ಅವರು ಮೊದಲ ದಿನವೇ ಒಪ್ಪಿಸಬಲ್ಲರು, ಮಾತಿನ ಭರದಲ್ಲಿ ಬಹುಕಾಲ ಬಿಡುತ್ತಲೇ ಇರುತ್ತಾರೆ. ಅವರ ಬರವಣಿಗೆಯಲ್ಲಿ ಅದನ್ನು ಗುರುತಿಸು, ಮಾತಿನಲ್ಲಿ ತಡೆಯಬೇಡ. 'ಎ', 'ದಿ'ಗಳ ವಿಷಯ ಇನ್ನೊಂದು ಪತ್ರಕ್ಕಿರಲಿ, ಅದು ಇಷ್ಟರಲ್ಲಿ ಮುಗಿಯುವಂಥದ್ದಲ್ಲ. ಮೊದಲ ಭೇಟಿಗೆ ಅವರು ನಿಜವಾಗಿಯೂ ಬರೆಯಬೇಕಾಗಿರುವ ಒಂದು ಅರ್ಜಿಯನ್ನೋ ಮಿಂಚಂಚೆಯನ್ನೋ ತಪ್ಪಿದ್ದಂತೆಯೇ ತರಲು ಹೇಳು; ಅದರ ಒಂದು ಪ್ರತಿಯನ್ನು ನನಗೂ ಕಳುಹಿಸಲು ಅವರು ಒಪ್ಪಿದರೆ, ಯಾವ ತಪ್ಪನ್ನು ಮೊದಲು ಎತ್ತಿಕೊಳ್ಳಬಹುದೆಂದು ಇಬ್ಬರೂ ಕೂಡಿ ನೋಡೋಣ.

ಇಂತಿ,
ನಿನ್ನ ಗೆಳೆಯ